ರೋಮನ್ ಹಾಲಿಡೇ: ಹಳೆಯ ಟೇಪಿನಲ್ಲೊಂದು ಹೆಸರು, ಹೊಸ ಡಿಸ್ಕಿನಲ್ಲಿ ಇನ್ನೊಂದು

ಪ್ರಶ್ನೆ: ಟೇಪುಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ.

ರಾಜಕುಮಾರಿಯೊಬ್ಬಳು ಒಂದು ದಿನದ ಮಟ್ಟಿಗೆ ಸಾಮಾನ್ಯ ಹುಡುಗಿಯಾಗಿ ಪತ್ರಕರ್ತನೊಬ್ಬನ ಜೊತೆ ರೋಮ್ ಸುತ್ತುವ ಕಥೆಯ, ವಿಲಿಯಂ ವೈಲರ್ ನಿರ್ದೇಶಿಸಿದ ‘ರೋಮನ್ ಹಾಲಿಡೇ’ (1953) ಚಿತ್ರವನ್ನು ನಾನು ಮೊದಲು ನೋಡಿದ್ದು ವಿಎಚ್‌ಎಸ್ ಟೇಪಿನಲ್ಲಿ. ಆಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ಟೇಪನ್ನು ಎಷ್ಟು ಬಾರಿ ಹಾಕಿ ತೆಗೆದಿದ್ದೆನೆಂದರೆ, ರಾಜಕುಮಾರಿ ಸ್ಕೂಟರ್ ಓಡಿಸುವ ದೃಶ್ಯ ಬರುವ ಹೊತ್ತಿಗೆ ಪರದೆಯ ಅಡಿಯಲ್ಲಿ ಬಿಳಿಯ ಗೀರುಗಳು ಹರಿದಾಡತೊಡಗುತ್ತಿದ್ದವು. ಆ ಗೀರುಗಳೂ ಚಿತ್ರದ ಭಾಗವೇ ಎಂಬಷ್ಟು ಅವು ನನಗೆ ಅಭ್ಯಾಸವಾಗಿದ್ದವು. ಬಹಳ ವರ್ಷಗಳ ಬಳಿಕ, ಕಳೆದ ವಾರ, ಪ್ಯಾರಮೌಂಟ್ ಸಂಸ್ಥೆ 2020ರಲ್ಲಿ ಹೊರತಂದ ಬ್ಲೂ-ರೇ ಡಿಸ್ಕನ್ನು ತರಿಸಿಕೊಂಡು ನೋಡಿದೆ. ನೋಡಿ ಮುಗಿಸಿದಾಗ ಸಂತೋಷದ ಜೊತೆಗೆ ಕೆಲವು ಸಂಶಯಗಳೂ ಉಳಿದವು. ತಿಳಿದವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಎಲ್ಲಕ್ಕಿಂತ ದೊಡ್ಡದು ಟೈಟಲ್ ಕಾರ್ಡುಗಳ, ಅಂದರೆ ಆರಂಭದಲ್ಲಿ ಹೆಸರುಗಳನ್ನು ತೋರಿಸುವ ಫಲಕಗಳ ವಿಷಯ. ನನ್ನ ಟೇಪಿನಲ್ಲಿ ಕಥೆಗಾರನ ಹೆಸರು ಇಯಾನ್ ಮೆಕ್‌ಲೆಲನ್ ಹಂಟರ್ ಎಂದು ಇರುವುದು ನನಗೆ ಚೆನ್ನಾಗಿ ನೆನಪಿದೆ. ಹೊಸ ಡಿಸ್ಕಿನಲ್ಲಿ ಕಥೆ ಡಾಲ್ಟನ್ ಟ್ರಂಬೋ ಎಂದು ಬರುತ್ತದೆ. ಟ್ರಂಬೋ ಅವರ ಹೆಸರು ಬಹಿಷ್ಕೃತರ ಪಟ್ಟಿಯಲ್ಲಿತ್ತೆಂದು ಅಲ್ಲಲ್ಲಿ ಓದಿದ್ದೇನೆ. ಆದರೆ 1953ರ ಚಿತ್ರವೊಂದರ ಆರಂಭದ ಅಕ್ಷರಗಳನ್ನು ಅರ್ಧ ಶತಮಾನದ ನಂತರ ಯಾರು, ಯಾವ ಆಧಾರದ ಮೇಲೆ ಬದಲಿಸಿದರು? ಹಾಗೆ ಬದಲಿಸುವುದು ಸರಿಯೇ? ಅಕ್ಷರಗಳನ್ನು ಅಷ್ಟು ಚೊಕ್ಕವಾಗಿ ಕೂರಿಸಿದ್ದಾರೆಂದರೆ, ಹಳೆಯದನ್ನು ನೋಡಿರದವರಿಗೆ ಬದಲಾವಣೆಯ ಸುಳಿವೇ ಸಿಗುವುದಿಲ್ಲ.

ಇನ್ನೊಂದು, ಅವಧಿಯದು. ನನ್ನ ಟೇಪು ಸುಮಾರು 113 ನಿಮಿಷಕ್ಕೆ ಮುಗಿಯುತ್ತಿತ್ತು. ಡಿಸ್ಕು 118 ನಿಮಿಷ ಓಡುತ್ತದೆ. ನಾನು ಇಷ್ಟು ವರ್ಷ ನೋಡಿದ್ದು ಕತ್ತರಿಸಿದ ಪ್ರತಿಯನ್ನೇ? ಆ ಐದು ನಿಮಿಷ ಎಲ್ಲಿತ್ತೆಂದು ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದರೂ ಹೊಸ ದೃಶ್ಯವೊಂದೂ ಕಾಣಿಸಲಿಲ್ಲ. ಜೊತೆಗೆ, ಈಗಿನ ಟಿವಿಯಲ್ಲಿ ಚಿತ್ರದ ಎಡಬಲಕ್ಕೆ ಕಪ್ಪು ಪಟ್ಟಿಗಳು ಬರುತ್ತವೆ. ಟಿವಿಯ ಸೆಟ್ಟಿಂಗ್ ಬದಲಿಸಿ ಪರದೆ ತುಂಬಿಸಿದರೆ ನಾಯಕನಟ ಗ್ರೆಗರಿ ಪೆಕ್ ಗಿಡ್ಡಗಾಗಿ ಕಾಣುತ್ತಾರೆ. ಅವರನ್ನು ಗಿಡ್ಡಗೆ ಕಾಣಿಸುವುದೂ ಒಂದು ಸಾಧನೆಯೇ.

ಕೊನೆಯದು ಸಂಶಯವಲ್ಲ, ಒಂದು ಅನಿಸಿಕೆ. ಚಿಕ್ಕವನಾಗಿದ್ದಾಗ ಚಿತ್ರದ ಮುಕ್ತಾಯ ನನಗೆ ಕೋಪ ತರಿಸುತ್ತಿತ್ತು. ನಗಿಸುತ್ತ ನಗಿಸುತ್ತ ಕೈಹಿಡಿದು ಕರೆದೊಯ್ದು, ಕೊನೆಗೆ ಖಾಲಿ ಸಭಾಂಗಣದಲ್ಲಿ ನಿಲ್ಲಿಸಿ ಹೊರಟುಹೋದರಲ್ಲ ಎನ್ನಿಸುತ್ತಿತ್ತು. ಈ ಬಾರಿ ಆ ಕೋಪ ಬರಲಿಲ್ಲ. ಅದು ನನ್ನ ವಯಸ್ಸಿನ ಪ್ರಭಾವವೋ, ಸ್ಪಷ್ಟವಾದ ಚಿತ್ರದ ಪ್ರಭಾವವೋ, ಅಥವಾ ಹೊಸದಾಗಿ ಕಂಡ ಆ ಹೆಸರಿನ ಪ್ರಭಾವವೋ ತಿಳಿಯದೆ ಇದನ್ನು ಬರೆಯುತ್ತಿದ್ದೇನೆ.

ಉತ್ತರ 1: ಹಿನ್ನೆಲೆಗಾರ

ಟೇಪುಪೆಟ್ಟಿಗೆಯವರೇ, ನಿಮ್ಮ ನೆನಪು ಸರಿಯಾಗಿಯೇ ಇದೆ. 1953ರಲ್ಲಿ ಚಿತ್ರಮಂದಿರಗಳಿಗೆ ಹೋದ ಪ್ರತಿಗಳಲ್ಲಿ ಕಥೆ ಹಂಟರ್ ಅವರದೆಂದೂ, ಚಿತ್ರಕಥೆ ಹಂಟರ್ ಮತ್ತು ಜಾನ್ ಡೈಟನ್ ಅವರದೆಂದೂ ಇತ್ತು. ಅದು ಸುಳ್ಳು ಎಂಬುದು ಚಿತ್ರರಂಗದ ಒಳಗಿನ ಕೆಲವರಿಗೆ ಗೊತ್ತಿದ್ದರೂ ಹೊರಗೆ ಆಡುವಂತಿರಲಿಲ್ಲ.

1947ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಸಮಿತಿಯೊಂದು ಹಾಲಿವುಡ್‌ನಲ್ಲಿ ಕಮ್ಯುನಿಸ್ಟರನ್ನು ಹುಡುಕುವ ವಿಚಾರಣೆ ನಡೆಸಿತು. ಪಕ್ಷದ ಸದಸ್ಯರೇ ಎಂಬ ಪ್ರಶ್ನೆಗೆ ಉತ್ತರ ಕೊಡಲು ಒಪ್ಪದ ಹತ್ತು ಮಂದಿಯ ಮೇಲೆ ಸದನ ನಿಂದನೆಯ ಆರೋಪ ಬಂತು. ‘ಹಾಲಿವುಡ್ ಟೆನ್’ ಎಂದು ಕರೆಯಲಾಗುವ ಆ ಹತ್ತು ಜನರಲ್ಲಿ ಟ್ರಂಬೋ ಒಬ್ಬರು. ಅದೇ ವರ್ಷದ ನವೆಂಬರಿನಲ್ಲಿ ದೊಡ್ಡ ಸ್ಟುಡಿಯೋಗಳ ಮುಖ್ಯಸ್ಥರು ಸಭೆ ಸೇರಿ, ಇವರಿಗೆ ಕೆಲಸ ಕೊಡುವುದಿಲ್ಲವೆಂದು ಘೋಷಿಸಿದರು. ಟ್ರಂಬೋ 1950ರಲ್ಲಿ ಸೆರೆಮನೆಗೆ ಹೋಗಿ ಸುಮಾರು ಹತ್ತು ತಿಂಗಳು ಅಲ್ಲಿದ್ದರು. ಸಂಸಾರ ನಡೆಯಬೇಕಾದರೆ ಬರೆಯಲೇಬೇಕು. ಬರೆದದ್ದನ್ನು ತಮ್ಮ ಹೆಸರಿನಲ್ಲಿ ಮಾರುವಂತಿಲ್ಲ. ಹಾಗಾಗಿ ಗೆಳೆಯ ಹಂಟರ್ ಹೆಸರು ಕೊಟ್ಟರು. ಬೇನಾಮಿ ಎಂಬ ನಮ್ಮ ಮಾತು ಆಸ್ತಿಪಾಸ್ತಿಗೆ ಅಂಟಿಕೊಂಡು ಕೆಟ್ಟ ವಾಸನೆ ಹಿಡಿದಿದೆ. ಇಲ್ಲಿ ಬೇನಾಮಿಯಾದವನು ಲಾಭಕ್ಕಾಗಿ ಆದವನಲ್ಲ. ಸಿಕ್ಕಿಬಿದ್ದಿದ್ದರೆ ಅವನ ಅನ್ನಕ್ಕೂ ಕಲ್ಲು ಬೀಳುತ್ತಿತ್ತು. ಮುಂದೆ ಬೇರೆ ಕಾರಣಕ್ಕೆ ಬಿದ್ದದ್ದೂ ಉಂಟು: ಹಂಟರ್ ಸ್ವತಃ ಬಹಿಷ್ಕೃತರ ಪಟ್ಟಿ ಸೇರಿ, ಸುಳ್ಳು ಹೆಸರುಗಳಲ್ಲಿ ಬ್ರಿಟಿಷ್ ಟೆಲಿವಿಷನ್ನಿಗೆ ಬರೆದು ಬದುಕಬೇಕಾಯಿತು.

ಈ ನಡುವೆ ಕಥೆ ಕೈಯಿಂದ ಕೈಗೆ ದಾಟುತ್ತಿತ್ತು. ಮೊದಲು ಇದನ್ನು ನಿರ್ದೇಶಿಸಬೇಕೆಂದಿದ್ದವರು ಫ್ರಾಂಕ್ ಕಾಪ್ರಾ. ಅವರು ಕೈಬಿಟ್ಟ ಮೇಲೆ ಅದು ವೈಲರ್ ಅವರಿಗೆ ಬಂತು. ಚಿತ್ರಕ್ಕೆ ಹತ್ತು ಆಸ್ಕರ್ ನಾಮನಿರ್ದೇಶನಗಳು ದೊರೆತು ಮೂರು ಪ್ರಶಸ್ತಿಗಳು ಬಂದವು: ಆಡ್ರೆ ಹೆಪ್‌ಬರ್ನ್ ಅವರಿಗೆ ಅತ್ಯುತ್ತಮ ನಟಿ, ಈಡಿತ್ ಹೆಡ್ ಅವರಿಗೆ ವಸ್ತ್ರವಿನ್ಯಾಸ, ಮತ್ತು ಅತ್ಯುತ್ತಮ ಕಥೆ. ಮೂರನೆಯದು ಹಂಟರ್ ಅವರ ಹೆಸರಿಗೆ ಹೋಯಿತು. ಮುಂದೆ ‘ದಿ ಬ್ರೇವ್ ಒನ್’ ಚಿತ್ರದ ಕಥೆಗಾಗಿ ರಾಬರ್ಟ್ ರಿಚ್ ಎಂಬ ಇಲ್ಲದ ಲೇಖಕನೊಬ್ಬನಿಗೆ ಆಸ್ಕರ್ ಬಂದಾಗ, ಆ ಇಲ್ಲದ ಲೇಖಕನೂ ಟ್ರಂಬೋ ಅವರೇ ಆಗಿದ್ದರು. ಅವರ ಹೆಸರು ತೆರೆಯ ಮೇಲೆ ಬಹಿರಂಗವಾಗಿ ಮರಳಿದ್ದು 1960ರಲ್ಲಿ, ‘ಸ್ಪಾರ್ಟಕಸ್’ ಮತ್ತು ‘ಎಕ್ಸೋಡಸ್’ ಚಿತ್ರಗಳ ಮೂಲಕ.

ಇನ್ನು ‘ಯಾರು ಬದಲಿಸಿದರು’ ಎಂಬುದಕ್ಕೆ ಬರೋಣ. ಟ್ರಂಬೋ 1976ರಲ್ಲಿ, ಹಂಟರ್ 1991ರಲ್ಲಿ ತೀರಿಕೊಂಡರು. 1993ರಲ್ಲಿ ಅಕಾಡೆಮಿ ತನ್ನ ದಾಖಲೆ ತಿದ್ದಿಕೊಂಡು, ಕಥೆಯ ಪ್ರಶಸ್ತಿಯನ್ನು ಟ್ರಂಬೋ ಅವರ ಹೆಸರಿನಲ್ಲಿ ಅವರ ಪತ್ನಿಗೆ ಒಪ್ಪಿಸಿತು. 2000ರ ದಶಕದ ಮೊದಲ ವರ್ಷಗಳಲ್ಲಿ, ಚಿತ್ರವನ್ನು ದುರಸ್ತಿಗೊಳಿಸಿ ಡಿವಿಡಿಯಾಗಿ ತಂದಾಗ ಟೈಟಲ್ ಕಾರ್ಡಿಗೂ ಆ ಹೆಸರು ಬಂತು. ಕೊನೆಗೆ 2011ರ ಡಿಸೆಂಬರಿನಲ್ಲಿ ಅಮೆರಿಕದ ಲೇಖಕರ ಸಂಘ, ಕಥೆಯ ಜೊತೆಗೆ ಚಿತ್ರಕಥೆಯ ಶ್ರೇಯಸ್ಸಿನಲ್ಲೂ ಹಂಟರ್ ಮತ್ತು ಡೈಟನ್ ಅವರೊಂದಿಗೆ ಟ್ರಂಬೋ ಅವರಿಗೆ ಪಾಲಿದೆಯೆಂದು ತೀರ್ಮಾನಿಸಿತು. ಅಲ್ಲಿಗೆ ಪೂರ್ಣ ಶ್ರೇಯಸ್ಸು ಮರಳಲು ಚಿತ್ರ ಬಿಡುಗಡೆಯಾದಾಗಿನಿಂದ ಐವತ್ತೆಂಟು ವರ್ಷ ಬೇಕಾಯಿತು. ಟೈಟಲ್ ಕಾರ್ಡ್ ಎಂಬುದು ಚಿತ್ರದ ಅಲಂಕಾರವಷ್ಟೇ ಅಲ್ಲ, ಯಾರು ಏನು ಮಾಡಿದರು ಎಂಬುದರ ದಸ್ತಾವೇಜು. ದಸ್ತಾವೇಜಿನಲ್ಲಿ ಸುಳ್ಳಿದ್ದರೆ ತಿದ್ದುವುದು ಸರಿಯೆಂದೇ ನನ್ನ ಅಭಿಪ್ರಾಯ.

ಉತ್ತರ 2: ಸೆಕೆಂಡಿಗೆ ಇಪ್ಪತ್ನಾಲ್ಕು

ಹೆಸರಿನ ಜಗಳವನ್ನು ಬಲ್ಲವರಿಗೆ ಬಿಟ್ಟು, ನಾನು ಕಳೆದುಹೋದ ಐದು ನಿಮಿಷವನ್ನು ಹುಡುಕಿಕೊಡುತ್ತೇನೆ. ನಿಮ್ಮ ಟೇಪಿನಲ್ಲಿ ಏನನ್ನೂ ಕತ್ತರಿಸಿರಲಿಲ್ಲ. ಚಲನಚಿತ್ರ ಓಡುವುದು ಸೆಕೆಂಡಿಗೆ 24 ಚೌಕಟ್ಟುಗಳ (ಫ್ರೇಮುಗಳ) ವೇಗದಲ್ಲಿ. ಆಗ ನಮ್ಮಲ್ಲಿ ಬಳಕೆಯಲ್ಲಿದ್ದ ಪಾಲ್ (PAL) ಎಂಬ ಪ್ರಸಾರ ಪದ್ಧತಿಯ ಟೆಲಿವಿಷನ್ ಮತ್ತು ಟೇಪುಗಳು ಸೆಕೆಂಡಿಗೆ 25 ಚೌಕಟ್ಟು ತೋರಿಸುತ್ತಿದ್ದವು. ಇವೆರಡನ್ನು ಹೊಂದಿಸಲು ಕಂಡುಕೊಂಡ ಸುಲಭ ದಾರಿಯೆಂದರೆ ಇಡೀ ಚಿತ್ರವನ್ನು ಸ್ವಲ್ಪ ಬೇಗ ಓಡಿಸಿಬಿಡುವುದು. 118ನ್ನು 24ರಿಂದ ಗುಣಿಸಿ 25ರಿಂದ ಭಾಗಿಸಿ ನೋಡಿ, 113 ಬರುತ್ತದೆ. ನಿಮ್ಮ ಐದು ನಿಮಿಷ ಒಂದು ದೃಶ್ಯದಲ್ಲಿ ಹೋದದ್ದಲ್ಲ. ಪ್ರತಿ ನಗುವಿನಿಂದಲೂ, ಪ್ರತಿ ಮೌನದಿಂದಲೂ ಚೂರುಚೂರಾಗಿ ಸೋರಿಹೋದದ್ದು.

ಇದರ ಪರಿಣಾಮ ಗಡಿಯಾರದ ಮೇಲೆ ಮಾತ್ರ ಆಗುವುದಿಲ್ಲ. ವೇಗ ಶೇಕಡಾ 4ರಷ್ಟು ಹೆಚ್ಚಿದಾಗ ಧ್ವನಿಯ ಸ್ಥಾಯಿಯೂ ಏರುತ್ತದೆ. ಅರ್ಧ ಸ್ವರಕ್ಕೆ ಹತ್ತಿರ ಹತ್ತಿರ ಎನ್ನಬಹುದು. ಹಾಗಾಗಿ ನೀವು ಟೇಪಿನಲ್ಲಿ ಕೇಳಿದ ಹೆಪ್‌ಬರ್ನ್ ಅವರ ದನಿ ನಿಜಕ್ಕಿಂತ ತುಸು ತೆಳುವಾದದ್ದು, ಪೆಕ್ ಅವರ ದನಿ ನಿಜಕ್ಕಿಂತ ತುಸು ಹಗುರವಾದದ್ದು. ಹಾಸ್ಯಚಿತ್ರಕ್ಕೆ ಇದು ಸಣ್ಣ ವಿಷಯವಲ್ಲ. ನಗೆ ಹುಟ್ಟುವುದು ಮಾತಿಗೂ ಮಾತಿಗೂ ನಡುವಿನ ತಡವರಿಕೆಯಲ್ಲಿ. ವೈಲರ್ ಎಂದರೆ ಆ ತಡವರಿಕೆಗಾಗಿ ಒಂದೇ ಶಾಟನ್ನು ಮತ್ತೆ ಮತ್ತೆ ತೆಗೆಯಿಸುತ್ತಿದ್ದ ನಿರ್ದೇಶಕ. ನಿಮಗೆ ಈ ಬಾರಿ ಮುಕ್ತಾಯ ಬೇರೆಯಾಗಿ ಅನುಭವಕ್ಕೆ ಬಂದದ್ದಕ್ಕೆ ವಯಸ್ಸಿನ ಜೊತೆಗೆ ಇದಕ್ಕೂ ಪಾಲು ಕೊಡಬಹುದು. ಆ ಕೊನೆಯ ನಡಿಗೆಯನ್ನು ನೀವು ಅದರದೇ ವೇಗದಲ್ಲಿ ನೋಡಿದ್ದು ಇದೇ ಮೊದಲು.

ಎಡಬಲದ ಕಪ್ಪು ಪಟ್ಟಿಗಳ ಬಗ್ಗೆ: ದಯವಿಟ್ಟು ಅವನ್ನು ಹಾಗೆಯೇ ಇರಗೊಡಿ. ಚಿತ್ರೀಕರಣ ನಡೆದದ್ದು 1952ರ ಬೇಸಿಗೆಯಲ್ಲಿ, ಹಾಲಿವುಡ್ ಅಗಲ ಪರದೆಯ ಹಿಂದೆ ಬೀಳುವುದಕ್ಕೆ ಸ್ವಲ್ಪ ಮೊದಲು. ಚೌಕಟ್ಟಿನ ಅಗಲ ಎತ್ತರದ 1.37 ಪಟ್ಟು ಮಾತ್ರ. ಹಳೆಯ ಟಿವಿಗಳ ಪರದೆಯೂ ಹೆಚ್ಚುಕಡಿಮೆ ಅದೇ ಆಕಾರದ್ದಾಗಿದ್ದರಿಂದ ನಿಮಗೆ ಆಗ ಪಟ್ಟಿಗಳು ಕಾಣಿಸಲಿಲ್ಲ. ಈಗಿನ ಟಿವಿಯ 1920 ಬಿಂದುಗಳ ಅಗಲದಲ್ಲಿ ಚಿತ್ರಕ್ಕೆ ಬೇಕಾಗಿರುವುದು ಸುಮಾರು 1480; ಮಿಕ್ಕದ್ದು ಕಪ್ಪಾಗಿರಬೇಕು. ಹಿಗ್ಗಿಸಿದರೆ ಮುಖಗಳು ಹಪ್ಪಳದಂತಾಗುತ್ತವೆ. ಪರದೆ ತುಂಬುವಂತೆ ದೊಡ್ಡದು ಮಾಡಿದರೆ ತಲೆಯೂ ಪಾದವೂ ಕತ್ತರಿಸಿಹೋಗುತ್ತವೆ. ಪಾದ ಕತ್ತರಿಸಿದರೆ, ರಾಜಕುಮಾರಿಯ ಪಾದರಕ್ಷೆ ಕಳಚಿಹೋಗುವ, ಈ ಚಿತ್ರದ ಮೊದಲ ಹಾಸ್ಯವೇ ಇಲ್ಲವಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಟಿವಿಯಲ್ಲಿ ಚಲನೆಯನ್ನು ನಯಗೊಳಿಸುವ ಸೌಲಭ್ಯವೊಂದು ಇರುತ್ತದೆ, ಅದನ್ನೂ ಆಫ್ ಮಾಡಿಬಿಡಿ.

ಚಿತ್ರದ ಗುಣಮಟ್ಟದ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ಡಿಸ್ಕಿಗೆ ಮೂಲ ಕ್ಯಾಮೆರಾ ನೆಗೆಟಿವ್ ಬಳಸುವ ಸ್ಥಿತಿಯಲ್ಲಿರಲಿಲ್ಲ. ನೆಗೆಟಿವ್‌ನಿಂದ ಹಿಂದೆಯೇ ತೆಗೆದಿಟ್ಟಿದ್ದ ನಕಲು ನೆಗೆಟಿವ್ ಮತ್ತು ಫೈನ್ ಗ್ರೇನ್ ಪ್ರತಿಯನ್ನು (ನವಿರು ಕಣಗಳ ಫಿಲ್ಮಿನ ಮೇಲಿನ ನಕಲನ್ನು) 4ಕೆ ಎಂಬ ಹೆಚ್ಚಿನ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ ದುರಸ್ತಿ ಮಾಡಿದ್ದಾರೆ. ನಕಲಿನಿಂದ ತೆಗೆದದ್ದು ಎಂದ ಮೇಲೆ ಕೆಲವು ಶಾಟುಗಳು ಮೃದುವಾಗಿಯೇ ಇರುತ್ತವೆ. ಅದನ್ನು ಡಿಸ್ಕಿನ ದೋಷವೆಂದು ಬಗೆಯಬೇಡಿ. ನನಗೆ ಬೇಸರವೆನಿಸಿದ್ದು ಬೇರೆ. ಗೀರು, ಧೂಳು ತೆಗೆಯುವ ಭರದಲ್ಲಿ ಫಿಲ್ಮಿನ ಸಹಜ ಕಣಗಳನ್ನೂ ಅಲ್ಲಲ್ಲಿ ತಿಕ್ಕಿ ತೊಳೆದಂತೆ ಕಾಣುತ್ತದೆ. ಫ್ರಾಂಜ್ ಪ್ಲಾನರ್ ಮತ್ತು ಆನ್ರಿ ಅಲೆಕಾನ್, ಇಬ್ಬರು ಛಾಯಾಗ್ರಾಹಕರು, ರೋಮಿನ ಬಿಸಿಲನ್ನು ಕಪ್ಪು-ಬಿಳುಪಿನಲ್ಲಿ ಹಿಡಿದದ್ದು ಆ ಕಣಗಳ ಮೇಲೆಯೇ. ಹಳೆಯ ಗೋಡೆಯ ಗಾರೆಗೆ ಇಸ್ತ್ರಿ ಹಾಕಲು ಬರುವುದಿಲ್ಲ.

ಉತ್ತರ 3: ಪಾಠಾಂತರ

ಹಿನ್ನೆಲೆಗಾರರು ಕೊಟ್ಟ ಇತಿಹಾಸದಲ್ಲಿ ನನಗೆ ತಕರಾರಿಲ್ಲ. ಅವರ ತೀರ್ಪನ್ನು ಮಾತ್ರ ಒಪ್ಪಲಾರೆ.

ಹಳೆಯ ಗ್ರಂಥಗಳನ್ನು ಸಂಪಾದಿಸುವವರು ಒಂದು ಶಿಸ್ತನ್ನು ಪಾಲಿಸುತ್ತಾರೆ. ಹಸ್ತಪ್ರತಿಯಲ್ಲಿ ಲಿಪಿಕಾರ ತಪ್ಪಿದ್ದಾನೆಂದು ಖಚಿತವಾಗಿ ಗೊತ್ತಿದ್ದರೂ, ಸರಿಪಾಠವನ್ನು ಕೊಟ್ಟು, ಮೂಲದಲ್ಲಿ ಹೀಗಿತ್ತೆಂದು ಅಡಿಟಿಪ್ಪಣಿಯಲ್ಲಿ ತೋರಿಸುತ್ತಾರೆ. ತಿದ್ದಿ, ತಿದ್ದಿದ ಗುರುತನ್ನೂ ಅಳಿಸುವವನನ್ನು ಯಾರೂ ಸಂಪಾದಕ ಎನ್ನುವುದಿಲ್ಲ. ಈ ಚಿತ್ರದ ಟೈಟಲ್ ಕಾರ್ಡಿಗೆ ಆಗಿರುವುದು ಎರಡನೆಯದು. 1953ರಲ್ಲಿ ಪ್ರೇಕ್ಷಕರು ತೆರೆಯ ಮೇಲೆ ಓದಿದ ಹೆಸರು ಹಂಟರ್. ಅದು ಸುಳ್ಳು, ನಿಜ. ಆದರೆ ಆ ಸುಳ್ಳೇ ಆ ಕಾಲದ ಸಾಕ್ಷಿ. ಒಬ್ಬ ಲೇಖಕ ತನ್ನ ಹೆಸರನ್ನು ಹೇಳಿಕೊಳ್ಳಲಾಗದಂತಹ ವರ್ಷಗಳು ಇದ್ದವು ಎಂಬುದಕ್ಕೆ ಆ ಕಾರ್ಡಿಗಿಂತ ಗಟ್ಟಿಯಾದ ಪುರಾವೆ ಯಾವುದು? ಈಗ ಡಿಸ್ಕು ಹಾಕುವ ಹೊಸ ನೋಡುಗ, 1953ರಲ್ಲಿ ಪ್ಯಾರಮೌಂಟ್ ಸಂಸ್ಥೆ ಧೈರ್ಯವಾಗಿ ಟ್ರಂಬೋ ಅವರ ಹೆಸರು ಹಾಕಿತ್ತು ಎಂದೇ ತಿಳಿಯುತ್ತಾನೆ. ಬಹಿಷ್ಕಾರಕ್ಕೆ ತಲೆಬಾಗಿದ್ದವರಿಗೆ ಪುಕ್ಕಟೆಯಾಗಿ ಒಳ್ಳೆಯ ಹೆಸರು ಬಂದಂತಾಯಿತು. ಅನ್ಯಾಯ ಅಳಿಸಿದ್ದು ಸಂತೋಷ. ಅನ್ಯಾಯ ನಡೆದ ಗುರುತೂ ಅದರ ಜೊತೆಗೇ ಅಳಿಸಿಹೋಗಿದೆ.

ತಂತ್ರಜ್ಞಾನದ ಅಡ್ಡಿಯೇನೂ ಇಲ್ಲ. ಒಂದೇ ಡಿಸ್ಕಿನಲ್ಲಿ ಎರಡು ಆರಂಭಗಳನ್ನು ಇಟ್ಟು, ನೋಡುಗನಿಗೆ ಬೇಕಾದದ್ದನ್ನು ಆರಿಸಿಕೊಳ್ಳಲು ಬಿಡಬಹುದು. ಮುಂದಿನ ಚಿತ್ರವೆಲ್ಲ ಎರಡಕ್ಕೂ ಒಂದೇ. ಅದೂ ಬೇಡವೆಂದರೆ ಮೊದಲ ಕಾರ್ಡಿಗೂ ಮುನ್ನ ಎರಡು ಸಾಲಿನ ಸೂಚನೆ ಸಾಕಿತ್ತು. ಆ ಟೈಟಲ್ ಕಾರ್ಡುಗಳಲ್ಲೇ, ಚಿತ್ರವನ್ನು ಪೂರ್ತಿಯಾಗಿ ಇಟಲಿಯ ರೋಮಿನಲ್ಲಿ ಚಿತ್ರೀಕರಿಸಿ ಧ್ವನಿಮುದ್ರಿಸಲಾಗಿದೆ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಒಂದು ಕಾರ್ಡಿದೆ. ಊರಿನ ವಿಷಯದಲ್ಲಿ ಅಷ್ಟು ಪ್ರಾಮಾಣಿಕರಾದವರು ಹೆಸರಿನ ವಿಷಯದಲ್ಲಿ ಏನಾಗಿದ್ದರು ಎಂಬುದು ನೋಡುಗನಿಗೆ ಕಾಣಬೇಕು.

ಹಿನ್ನೆಲೆಗಾರ (ಮರು ಉತ್ತರ)

ಸೂಚನೆ ಇರಬೇಕಿತ್ತು ಎಂಬ ನಿಮ್ಮ ಮಾತಿಗೆ ತಲೆಬಾಗುತ್ತೇನೆ. ಆದರೆ ಎರಡರಲ್ಲಿ ಒಂದನ್ನೇ ಆರಿಸಬೇಕೆಂದರೆ ನಾನು ಈಗಲೂ ತಿದ್ದಿದ ಕಾರ್ಡನ್ನೇ ಆರಿಸುತ್ತೇನೆ. ಅಡಿಟಿಪ್ಪಣಿ ಓದುವವರು ನಿಮ್ಮಂಥ ಕೆಲವರು. ಮಿಕ್ಕವರಿಗೆ ತೆರೆಯ ಮೇಲೆ ಬಂದದ್ದೇ ಸತ್ಯ. ಇನ್ನೊಂದು ಮಾತು: ಹಂಟರ್ ಅವರ ಹೆಸರನ್ನು ಯಾರೂ ಪೂರ್ತಿಯಾಗಿ ಕಿತ್ತುಹಾಕಲಿಲ್ಲ. ಚಿತ್ರಕಥೆಯಲ್ಲಿ ಅವರ ಪಾಲು ಅವರಿಗೇ ಉಳಿದಿದೆ.

ಉತ್ತರ 4: ಕೊನೆಯ ಸಾಲಿನ ಸೀಟು

ಇಬ್ಬರ ವಾದವನ್ನೂ ಓದಿದ ಮೇಲೆ, ಚಿತ್ರದ ಮುಕ್ತಾಯದ ಬಗ್ಗೆ ಟೇಪುಪೆಟ್ಟಿಗೆಯವರು ಆಡಿದ ಕೊನೆಯ ಮಾತನ್ನು ಯಾರೂ ಪೂರ್ತಿಯಾಗಿ ಎತ್ತಿಕೊಳ್ಳಲಿಲ್ಲವಲ್ಲ ಎನ್ನಿಸಿ ಬರೆಯುತ್ತಿದ್ದೇನೆ. ಅವರ ಮುಖ್ಯ ಪ್ರಶ್ನೆ ಅದೇ ಎಂದು ನನಗನ್ನಿಸುತ್ತದೆ.

ಈ ಚಿತ್ರದಲ್ಲಿ ತಮ್ಮ ಹೆಸರನ್ನು ನಿಜವಾಗಿ ಹೇಳುವವರು ಯಾರಿದ್ದಾರೆ? ರಾಜಕುಮಾರಿ ಆ್ಯನ್ (ಹೆಪ್‌ಬರ್ನ್) ಒಂದು ದಿನದ ಮಟ್ಟಿಗೆ ಸುಳ್ಳು ಹೆಸರಿನ ಸಾಮಾನ್ಯ ಹುಡುಗಿಯಾಗುತ್ತಾಳೆ. ಜೋ ಬ್ರಾಡ್ಲಿ (ಪೆಕ್) ತಾನು ಪತ್ರಕರ್ತನೆಂಬುದನ್ನು ಮುಚ್ಚಿಟ್ಟು ಗೊಬ್ಬರ, ರಸಾಯನಗಳ ವ್ಯಾಪಾರಿ ಎನ್ನುತ್ತಾನೆ. ಅವನ ಗೆಳೆಯ ಇರ್ವಿಂಗ್ ಸಿಗರೇಟು ಹೊತ್ತಿಸುವ ಲೈಟರಿನೊಳಗೆ ಕ್ಯಾಮೆರಾ ಅಡಗಿಸಿಕೊಂಡು, ನಗುತ್ತ ನಗುತ್ತಲೇ ಅವಳ ಚಿತ್ರ ತೆಗೆಯುತ್ತಾನೆ. ನಗೆಯೆಲ್ಲ ಹುಟ್ಟುವುದು ಈ ಸುಳ್ಳುಗಳಿಂದ. ಸುಳ್ಳಾಡಿದವರ ಕೈ ಕಚ್ಚುತ್ತದೆಂಬ ಪ್ರತೀತಿಯ ಕಲ್ಲಿನ ಮುಖದ ಮುಂದೆ ಇಬ್ಬರು ಸುಳ್ಳರನ್ನು ತಂದು ನಿಲ್ಲಿಸುವ ದೃಶ್ಯವನ್ನೇ ನೋಡಿ. ಅವಳು ಕೈ ಚಾಚಿ, ಹಿಂದೆಗೆಯುತ್ತಾಳೆ. ಅವನು ಕೈ ಒಳಗಿಟ್ಟು ಕಿರುಚಿ, ತೋಳಿನೊಳಗೆ ಅಂಗೈ ಎಳೆದುಕೊಂಡು ಹೊರತೆಗೆಯುತ್ತಾನೆ. ಪೆಕ್ ಈ ಕುಚೇಷ್ಟೆಯನ್ನು ಹೆಪ್‌ಬರ್ನ್ ಅವರಿಗೆ ಮೊದಲೇ ತಿಳಿಸಿರಲಿಲ್ಲವಾದ್ದರಿಂದ ಅವರ ಚೀತ್ಕಾರ ನಟನೆಯದಲ್ಲ. ಇಡೀ ಚಿತ್ರದಲ್ಲಿ ನಾನು ಅತಿ ಹೆಚ್ಚು ನಗುವುದು ಇಲ್ಲಿಯೇ. ಆದರೆ ಅವಳು ಕೈ ಹಿಂದೆಗೆದ ಆ ಅರೆಕ್ಷಣದಲ್ಲಿ ಅವಳ ಮುಖದ ಮೇಲೆ ಹಾಯುವುದು ತಮಾಷೆಯಲ್ಲ, ನಿಜವಾದ ಭಯ.

ಈಗ ಮುಕ್ತಾಯಕ್ಕೆ ಬನ್ನಿ. ಜೋನ ಸಂಪಾದಕ ಈ ಸುದ್ದಿಗೆ 5,000 ಡಾಲರ್ ಕೊಡಲು ಸಿದ್ಧನಿದ್ದಾನೆ. ಜೋ ಸಾಲಗಾರ, ಮನೆಬಾಡಿಗೆಯೂ ಬಾಕಿ. ಅವಳ ಒಂದು ದಿನದ ಗುಟ್ಟನ್ನು ಬರೆದು ಕೊಟ್ಟರೆ ಸಾಕು, ದುಡ್ಡಿನ ಚಿಂತೆ ನೀಗುತ್ತದೆ. ಅವನು ಬರೆಯುವುದಿಲ್ಲ. ಇರ್ವಿಂಗ್ ಮೊದಲು ಗೊಣಗಿದರೂ, ಕೊನೆಗೆ ಚಿತ್ರಗಳ ಲಕೋಟೆಯನ್ನು ಅವಳ ಕೈಗೇ, ಎಲ್ಲರೆದುರು, ರೋಮ್ ಭೇಟಿಯ ನೆನಪಿನ ಕಾಣಿಕೆಯೆಂಬಂತೆ ಒಪ್ಪಿಸುತ್ತಾನೆ. ಗೆಳೆಯರ ಹೆಸರು ಹೇಳಿದವರಿಗೆ ಕೆಲಸ ಉಳಿಯುತ್ತಿದ್ದ, ಹೇಳದವರು ಮನೆ ಸೇರುತ್ತಿದ್ದ ವರ್ಷಗಳಲ್ಲಿ ಇದು ತೆರೆಗೆ ಬಂತು ಎಂಬುದನ್ನು ನೆನಪಿಟ್ಟುಕೊಂಡು ಈ ದೃಶ್ಯವನ್ನು ಮತ್ತೊಮ್ಮೆ ನೋಡಿ. ರಾಷ್ಟ್ರಗಳ ನಡುವಿನ ಸ್ನೇಹದಲ್ಲಿ, ಮನುಷ್ಯರ ನಡುವಿನ ಸಂಬಂಧಗಳಲ್ಲಿ ತನಗೆ ನಂಬಿಕೆಯಿದೆ ಎಂದು ರಾಜಕುಮಾರಿ ಹೇಳುತ್ತಾಳೆ. ಆ ನಂಬಿಕೆ ಹುಸಿಯಾಗದು ಎಂದು ಜೋ ಪತ್ರಕರ್ತರ ಸಾಲಿನಿಂದ ಉತ್ತರಿಸುತ್ತಾನೆ. ಸುತ್ತ ನಿಂತವರಿಗೆ ಅದು ಬರಿಯ ಉಪಚಾರದ ಮಾತು. ಅವರಿಬ್ಬರಿಗೆ ಮಾತ್ರ ಅದು ಒಂದು ಪ್ರಮಾಣ. ನಾನು ನಿನ್ನ ಸುದ್ದಿ ಮಾರುವುದಿಲ್ಲ ಎಂಬುದನ್ನು ಇದಕ್ಕಿಂತ ಗುಟ್ಟಾಗಿ, ಇದಕ್ಕಿಂತ ಬಹಿರಂಗವಾಗಿ ಹೇಳುವ ಪ್ರೇಮ ದೃಶ್ಯವನ್ನು ನಾನಂತೂ ನೋಡಿಲ್ಲ.

ಇದೆಲ್ಲ ಟ್ರಂಬೋ ಅವರ ಜೀವನದಿಂದ ನೇರವಾಗಿ ಇಳಿದು ಬಂತು ಎಂದು ಹೇಳುವಷ್ಟು ಅವಸರದವನು ನಾನಲ್ಲ. ಚಿತ್ರಕಥೆಯ ಮೇಲೆ ಮೂವರ ಕೈಯಾಡಿದೆ. ಯಾವ ಸಾಲು ಯಾರದೆಂದು ತೂಗಿ ಹೇಳುವುದು ನನ್ನಿಂದಾಗದು. ಜೊತೆಗೆ ವೈಲರ್ ಸ್ವತಃ, 1947ರಲ್ಲಿ ಆ ವಿಚಾರಣೆಯನ್ನು ವಿರೋಧಿಸಲು ಚಿತ್ರರಂಗದವರು ಕಟ್ಟಿಕೊಂಡ ಸಮಿತಿಯ ಸ್ಥಾಪಕರಲ್ಲಿ ಒಬ್ಬರು. ಚಿತ್ರದಲ್ಲಿರುವ ನಿಲುವು ಒಬ್ಬನದೇ ಆಗಿರಬೇಕಾಗಿಲ್ಲ. ಆದರೆ ಕಥೆಗಾರನ ಹೆಸರು ತಿಳಿದ ಮೇಲೆ ಲಕೋಟೆಯ ದೃಶ್ಯವನ್ನು ಮೊದಲಿನಂತೆ ನೋಡಲಾಗುವುದಿಲ್ಲ ಎಂಬುದು ನನ್ನ ಅನುಭವ, ಬಹುಶಃ ನಿಮ್ಮದೂ.

ಕೋಪದ ಬಗ್ಗೆ ಇನ್ನೊಂದು ಮಾತು. ಈ ಮುಕ್ತಾಯ ಹಠಾತ್ತಾಗಿ ಬಂದದ್ದಲ್ಲ, ಮೊದಲ ದೃಶ್ಯದಿಂದಲೇ ಹೆಣೆದದ್ದು. ಆರಂಭದ ಔತಣದಲ್ಲಿ ಅವಳು ಗಣ್ಯರಿಗೆ ಕೈಕೊಡುತ್ತ ನಿಂತಿರುವಾಗ, ಉದ್ದ ಲಂಗದ ಮರೆಯಲ್ಲಿ ಪಾದರಕ್ಷೆ ಕಳಚಿ ಉರುಳಿಹೋಗುತ್ತದೆ. ದೇಹ ರಾಜಕುಮಾರಿಯದು, ಪಾದ ಹುಡುಗಿಯದು. ಅದೇ ರಾತ್ರಿ ಹಾಲು ಮತ್ತು ಬಿಸ್ಕತ್ತು ಕೊಟ್ಟು ಮಗುವಿನಂತೆ ಅವಳನ್ನು ಮಲಗಿಸಲು ನೋಡುತ್ತಾರೆ. ಒಂದು ದಿನ ಕಳೆದು ಮರಳಿ ಬಂದಾಗ ಹಾಲು ಬಿಸ್ಕತ್ತನ್ನು ಅವಳೇ ಬೇಡವೆಂದು ಕಳಿಸುತ್ತಾಳೆ. ಕೊನೆಯ ಸಭೆಯಲ್ಲಿ, ಭೇಟಿಕೊಟ್ಟ ನಗರಗಳಲ್ಲಿ ಯಾವುದು ಹಿಡಿಸಿತು ಎಂಬ ಪ್ರಶ್ನೆಗೆ ಕಲಿಸಿಕೊಟ್ಟ ಉತ್ತರವನ್ನು ಒಪ್ಪಿಸಲು ತೊಡಗಿ, ಅರ್ಧಕ್ಕೇ ನಿಲ್ಲಿಸಿ, ರೋಮ್ ಎಂದುಬಿಡುತ್ತಾಳೆ. ಮೊದಲ ದೃಶ್ಯದಲ್ಲಿ ಲಂಗದಡಿಯಲ್ಲಿ ಅಡಗಿದ್ದ ಹುಡುಗಿ ಕೊನೆಯ ದೃಶ್ಯದಲ್ಲಿ ರಾಜಕುಮಾರಿಯ ಬಾಯಿಂದಲೇ ಮಾತಾಡುತ್ತಾಳೆ. ಅವಳು ಜೋನ ಜೊತೆ ಓಡಿಹೋಗಿದ್ದರೆ ಚಿಕ್ಕಂದಿನ ನೀವು ಚಪ್ಪಾಳೆ ತಟ್ಟುತ್ತಿದ್ದಿರಿ, ಆದರೆ ಈಗ ಡಿಸ್ಕು ತರಿಸಿಕೊಂಡು ನೋಡುತ್ತಿರಲಿಲ್ಲ.

ಹೆಸರುಗಳ ಚರ್ಚೆಗೆ ನನ್ನದೊಂದು ಕೊಸರು. ಟೈಟಲ್ ಕಾರ್ಡಿನಲ್ಲಿ ಚಿತ್ರದ ಹೆಸರಿಗೂ ಮುನ್ನ ಪೆಕ್ ಅವರ ಹೆಸರಿನೊಂದಿಗೆ ಹೆಪ್‌ಬರ್ನ್ ಅವರ ಹೆಸರೂ ಬರುವುದನ್ನು ಗಮನಿಸಿರುತ್ತೀರಿ. ಆ ಜಾಗ ಒಪ್ಪಂದದ ಪ್ರಕಾರ ಪೆಕ್ ಒಬ್ಬರಿಗೇ ಸೇರಬೇಕಿತ್ತು. ಚಿತ್ರೀಕರಣದಲ್ಲಿ 23ರ ಹರೆಯದ ಆ ಹೊಸ ನಟಿಯ ಕೆಲಸ ಕಂಡು, ಆಕೆಯ ಹೆಸರನ್ನೂ ತಮ್ಮ ಸಮಕ್ಕೆ ಹಾಕಬೇಕೆಂದು ಒತ್ತಾಯಿಸಿದವರು ಸ್ವತಃ ಪೆಕ್. ಅದೇ ಕಾರ್ಡುಗಳ ಸಾಲಿನಲ್ಲಿ ಒಂದು ಹೆಸರು ಔದಾರ್ಯದಿಂದ ಬಂತು, ಒಂದು ಹೆಸರು ಹೆದರಿಕೆಯಿಂದ ಬಿಟ್ಟುಹೋಯಿತು, ಒಂದು ಹೆಸರು ಗೆಳೆತನಕ್ಕಾಗಿ ಎರವಲು ಬಂತು.

ಟೇಪುಪೆಟ್ಟಿಗೆ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ಕೃತಜ್ಞತೆಗಳು. ಸೆಕೆಂಡಿಗೆ ಇಪ್ಪತ್ನಾಲ್ಕು ಅವರ ಮಾತಿನಂತೆ ಟಿವಿಯ ಸೆಟ್ಟಿಂಗ್ ಸರಿಪಡಿಸಿ, ನಿನ್ನೆ ರಾತ್ರಿ ಮೊದಲ ಇಪ್ಪತ್ತು ನಿಮಿಷ ಮತ್ತು ಕೊನೆಯ ಹದಿನೈದು ನಿಮಿಷವನ್ನು ಮತ್ತೆ ನೋಡಿದೆ. ದನಿಯ ವಿಷಯ ನಿಜ. ಹೆಪ್‌ಬರ್ನ್ ಅವರ ದನಿ ಡಿಸ್ಕಿನಲ್ಲಿ ಯಾಕೋ ಭಾರವಾಗಿದೆ ಎಂದು ಮೊದಲ ಸಲವೇ ಅನ್ನಿಸಿತ್ತು. ನನ್ನ ಕಿವಿಯನ್ನು ನಾನೇ ನಂಬಿರಲಿಲ್ಲ. ಪೆಕ್ ಎಷ್ಟು ಎತ್ತರವಿದ್ದರೋ ಅಷ್ಟೇ ಎತ್ತರಕ್ಕೆ ಮರಳಿದ್ದಾರೆ.

ಕೊನೆಯಲ್ಲಿ ಎಲ್ಲರೂ ಹೊರಟುಹೋದ ಮೇಲೆ ಜೋ ಆ ಉದ್ದನೆಯ ಸಭಾಂಗಣವನ್ನು ಒಬ್ಬನೇ ದಾಟಿ ಬರುತ್ತಾನಲ್ಲ, ಆ ನಡಿಗೆಯನ್ನು ನಾನು ಇದುವರೆಗೆ ದುಃಖದ ನಡಿಗೆ ಎಂದೇ ತಿಳಿದಿದ್ದೆ. ಅವನ ಎರಡೂ ಕೈ ಜೇಬಿನಲ್ಲಿವೆ. ಬೂಟಿನ ಸದ್ದೊಂದೇ ಕೇಳುತ್ತದೆ, ಕ್ಯಾಮೆರಾ ಅವನ ಮುಂದೆ ಹಿಂದೆ ಹಿಂದೆ ಸರಿಯುತ್ತದೆ. ಬಾಗಿಲ ಬಳಿ ತಿರುಗಿ ನೋಡುತ್ತಾನೆ; ಅಲ್ಲಿ ಯಾರೂ ಇಲ್ಲ. ಈ ಬಾರಿ ನನಗೆ ಕಂಡದ್ದು, ಮಾರಬಹುದಾಗಿದ್ದ ವಸ್ತುವನ್ನು ಮಾರದೆ ಹಿಂದಿರುಗುವವನ ನಡಿಗೆ. ದುಃಖ ಅದರಲ್ಲಿ ಇಲ್ಲವೆಂದಲ್ಲ.

ಪಾಠಾಂತರ ಅವರ ವಾದಕ್ಕೂ ಹಿನ್ನೆಲೆಗಾರರ ವಾದಕ್ಕೂ ನಡುವೆ ನಾನಿನ್ನೂ ಅತ್ತಿಂದಿತ್ತ ಓಲಾಡುತ್ತಿದ್ದೇನೆ. ಹೊಸ ಡಿಸ್ಕು ಬಂತೆಂದು ಎಸೆಯಲು ಪಕ್ಕಕ್ಕಿಟ್ಟಿದ್ದ ಟೇಪನ್ನು ಮಾತ್ರ ಮತ್ತೆ ಕಪಾಟಿನೊಳಗೆ, ಡಿಸ್ಕಿನ ಪಕ್ಕದಲ್ಲೇ ಇಟ್ಟಿದ್ದೇನೆ. ಅದನ್ನು ಓಡಿಸುವ ಯಂತ್ರ ಕೆಟ್ಟು ನಿಂತು ವರ್ಷಗಳಾದವು. ಅದನ್ನು ದುರಸ್ತಿ ಮಾಡಿಸಲು ಸಾಧ್ಯವಾದರೆ, ಎರಡೂ ಕಾರ್ಡುಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ ಇಲ್ಲಿಯೇ ಬರೆಯುತ್ತೇನೆ.